ಬಂಡಿಯ ಮೇಲಿನ ಡಬ್ಬಿ

ಹೈದರಾಬಾದ್
೧೪ ಮಾರ್ಚ್ ೨೦೦೨

ಮಾನ್ಯ ಮ್ಯಾನೇಜರ್ ಸಾಹೇಬರಿಗೆ,

ಸೋಮವಾರ ಲೈನ್ ಒಂಬತ್ತು ನಿಮಿಷ ನಿಂತದ್ದನ್ನು ಹೊಸ ಕಂಪ್ಯೂಟರ್ ಹಿಡಿದುಕೊಟ್ಟಿದೆ. ಏಕೆ ನಿಂತಿತೆಂದು ಅದಕ್ಕೆ ಗೊತ್ತಿಲ್ಲ, ಹಾಗಾಗಿ ನೀವು ನನಗೆ ಮೆಮೊ ಕೊಟ್ಟಿದ್ದೀರಿ. ನೀವೂ ಬೀದರ್ ಕಡೆಯವರೆಂದು ಕನ್ನಡದಲ್ಲೇ ಉತ್ತರಿಸುತ್ತಿದ್ದೇನೆ.

ನಮ್ಮ ಮನೆಯವರು ಸ್ಟೋರ್ಸಿನಲ್ಲಿದ್ದರು, ನಾನು ಪ್ಯಾಕಿಂಗಿನಲ್ಲಿ. ನೆಲದೊಳಗಿನ ಸರಪಳಿ ಸ್ಟೋರ್ಸಿಗೆ ಎಳೆದೊಯ್ಯುವ ಖಾಲಿ ಬಂಡಿಯ ಮೇಲೆ ಹನ್ನೊಂದು ವರ್ಷ ಅವರ ಊಟದ ಡಬ್ಬಿ ಇಟ್ಟು ಕಳಿಸಿದ್ದೇನೆ. ಅದು ನಿಯಮಕ್ಕೆ ವಿರುದ್ಧವೆಂದು ಗೊತ್ತು. ಉಂಡ ಮೇಲೆ ಅವರು ಡಬ್ಬಿ ತೊಳೆದು ಇನ್ನೊಂದು ಬಂಡಿಯಲ್ಲಿ ವಾಪಸು ಕಳಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ನಾನು ಡ್ಯೂಟಿಗೆ ಬಂದದ್ದು ಸೋಮವಾರವೇ ಮೊದಲು. ಬೆಳಿಗ್ಗೆ ರೂಢಿಯಂತೆ ಎರಡು ಡಬ್ಬಿ ಕಟ್ಟಿದ್ದೆ. ಹನ್ನೆರಡಕ್ಕೆ ರೂಢಿಯಂತೆ ಒಂದನ್ನು ಬಂಡಿಯ ಮೇಲಿಟ್ಟೆ. ಸುತ್ತು ಮುಗಿಸಿ ಅದೇ ಬಂಡಿ ಮರಳಿ ಬಂತು. ಡಬ್ಬಿ ಎತ್ತಿದರೆ ಭಾರವಾಗಿತ್ತು. ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ಭಾರವಾಗಿ ಬಂದಿರಲಿಲ್ಲ. ನಾನು ಲೈನ್ ನಿಲ್ಲಿಸುವ ಸ್ವಿಚ್ ಒತ್ತಿದ್ದು ಆಗ.

ಡಬ್ಬಿ ಇಳಿಸಲಿಲ್ಲವೆಂದು ಸ್ಟೋರ್ಸಿನ ಸಿದ್ರಾಮನಿಗೂ ಮೆಮೊ ಹೋಗಿದೆಯಂತೆ. ಅವನನ್ನು ಕೇಳಿದೆ. "ಅಣ್ಣಾರ ಡಬ್ಬಿ ಐತಿ ಅಕ್ಕಾ, ಕೈ ಹಚ್ಚಾಕ ಆಗಲಿಲ್ಲ, ಹಂಗ ಬಿಟ್ಟೆ" ಅಂದ. ಅವನದೇನೂ ತಪ್ಪಿಲ್ಲ. ಶಿಕ್ಷೆ ಏನಿದ್ದರೂ ನನಗಿರಲಿ.

ಅಂದು ಜಪ್ತಿ ಮಾಡಿದ ಡಬ್ಬಿ ಈಗ ಗೇಟಿನ ಸೆಕ್ಯುರಿಟಿಯವರ ಬಳಿ ಇದೆ. ದಯವಿಟ್ಟು ಕೊಡಿಸಿ. ತೊಳೆಯದೆ ಹಾಗೇ ಕೊಡಲಿ. ಇನ್ನು ನಾನೇ ತೊಳೆದುಕೊಳ್ಳುತ್ತೇನೆ.

ತಮ್ಮ ವಿಧೇಯಳು,
ಮಹಾನಂದಾ
ಪ್ಯಾಕಿಂಗ್ ವಿಭಾಗ