ಮೊದಲ ಹಾಳೆಯಿಲ್ಲದ ಜರ್ಮನ್ ನೋಟುಬುಕ್ಕು

ಗುಳೇದಗುಡ್ಡ
ಇಸವಿ ಎರಡು ಸಾವಿರದ ನೂರಾ ಎಪ್ಪತ್ತೊಂದು, ಏಳನೆಯ ತಿಂಗಳು, ಮೂವತ್ತಮೂರನೆಯ ತಾರೀಖು

ಮುತ್ತಜ್ಜಿ ನಿರ್ಮಲಾ ಕಮತಗಿಗೆ ಮರಿಮೊಮ್ಮಗಳು ನೀಲವ್ವ ಬರೆಯುವ ಕಾಗದ.

ತಾರೀಖು ನೋಡಿ ಮುದುಕಿಗೆ ಅರುಳುಮರುಳು ಎನ್ನಬೇಡ. ನಮ್ಮ ಕಾಲದಲ್ಲಿ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತೇ ತಿಂಗಳು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಿಲ್ಲ. ಆಗ ತೀರಿಹೋದವರ ಹೆಸರು ಹೇಳಿಕೊಂಡು ಸುಮ್ಮನೆ ಕೂರುತ್ತೇವೆ. ನನ್ನ ಮಾತು ನಿನಗೆ ಸೊಟ್ಟ ಕಂಡರೆ ಹೊಟ್ಟೆಗೆ ಹಾಕಿಕೋ. ನಾನು ಓದಿದ್ದು ಮೂರನೆಯ ಇಯತ್ತೆ. ಸಂಬಂಧದಲ್ಲಿ ನೀನು ಹಿರಿಯಳು, ಆದರೆ ನನ್ನ ತೊಡೆಯ ಮೇಲಿರುವ ನಿನ್ನ ನೋಟುಬುಕ್ಕಿನಲ್ಲಿ ನಿನಗೆ ಇಪ್ಪತ್ಮೂರು ವರ್ಷ, ನನಗೆ ಎಪ್ಪತ್ತೊಂಬತ್ತು. ಅದಕ್ಕೇ 'ನೀನು' ಅನ್ನುತ್ತಿದ್ದೇನೆ. ಜರ್ಮನ್ನರಲ್ಲೂ ನೀನು ಬೇರೆ, ನೀವು ಬೇರೆ ಎಂದು ನೀನೇ ಬರೆದಿದ್ದೀ; ಡಾಕ್ಟರಿಗೆ ತಪ್ಪಿಯೂ 'ಡು' ಅನ್ನಬಾರದು ಎಂದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀ.

ನರ್ಸಾಗಿ ಆ ದೇಶಕ್ಕೆ ಹೋಗಬೇಕೆಂದು ನೀನು ಆ ಭಾಷೆ ಕಲಿತೆಯಂತೆ. ಆ ಶಬ್ದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದೀ. ಹತ್ತೊಂಬತ್ತನೆಯ ಪಾಠಕ್ಕೆ ನಿನ್ನ ಅಕ್ಷರ ನಿಂತಿದೆ. ಮದುವೆ ಮಾಡಿದರೋ, ನಿನಗೇ ಬೇಸರವಾಯಿತೋ, ಹೇಳುವವರು ಈಗ ಯಾರೂ ಇಲ್ಲ. ನೀನು ಹೋಗಲಿಲ್ಲ. ಹೋದವಳು ನನ್ನ ಮಗಳು ಗಿರಿಜಾ.

ನಮ್ಮ ಕಾಲದ ಎರಡು ಸಂಗತಿ ನಿನಗೆ ತಿಳಿದಿರಬೇಕು. ಒಂದು, ದೂರಚೀಟಿ. ಸಮುದ್ರ ದಾಟಿ ಒಮ್ಮೆ ಹೋಗಿ ಒಮ್ಮೆ ಮರಳಲು ಒಬ್ಬೊಬ್ಬರಿಗೆ ಜೀವಮಾನಕ್ಕೆ ಒಂದೇ ಅಪ್ಪಣೆ, ಅದೂ ಅರವತ್ತರೊಳಗೆ. ಇನ್ನೊಂದು, ಕಿವಿಗಿಣಿ. ಹುಣಿಸೆಬೀಜದಷ್ಟು ಗಾತ್ರದ ಯಂತ್ರ. ಕಿವಿಯಲ್ಲಿ ಕೂತು ಯಾರ ಮಾತನ್ನಾದರೂ ನಮ್ಮ ಮಾತಾಗಿ ಹೇಳುತ್ತದೆ. ಹೀಗಾಗಿ ಪರಭಾಷೆ ಕಲಿಯುವವರು ಯಾರೂ ಉಳಿದಿಲ್ಲ. ಬಿಸಿಲಿಗೆ ಹೆದರಿ ಬೀದಿಗಳಿಗೆಲ್ಲ ಬಟ್ಟೆಯ ಚಪ್ಪರ ಹಾಕಿಕೊಂಡಿದ್ದೇವೆ, ಮಾತಿಗೆ ಹೆದರಿ ಕಿವಿಗೆ ಗಿಣಿ ಹಾಕಿಕೊಂಡಿದ್ದೇವೆ. ಏಕೆಂದರೆ ಆ ಗಿಣಿ ಬೈಗುಳವನ್ನು ದಾಟಿಸುವುದಿಲ್ಲ, ಅಳುವನ್ನೂ ದಾಟಿಸುವುದಿಲ್ಲ. ಎಲ್ಲವನ್ನೂ ಸಕ್ಕರೆಪಾಕದಲ್ಲಿ ಅದ್ದಿ ಕೊಡುತ್ತದೆ.

ಗಿರಿಜಾ ಹೊರಟ ದಿನ ನಮ್ಮಿಬ್ಬರ ನಡುವೆ ಗಿಣಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಹೊಸ್ತಿಲಲ್ಲಿ ನಿಂತು ಅವಳು "ಬರ್ತೀನಬೇ ಯವ್ವಾ" ಅಂದಳು. ಹೊರಡುವವರು ಬರ್ತೀನಿ ಅನ್ನಬೇಕು, ಉಳಿಯುವವರು ಹೋಗಿ ಬಾ ಅನ್ನಬೇಕು. ನಿನ್ನ ಕಾಲದಲ್ಲೂ ಹಾಗೇ ಇತ್ತಲ್ಲ? ನಾನು, "ಹೋಗು. ನೀ ಹೋದ್ರ ಮನಿಗೆ ಗಾಳಿ ಆಡತೈತಿ" ಅಂದೆ. 'ಬಾ' ಅನ್ನಲಿಲ್ಲ. ಹಾಗಂದ ಮೇಲೂ ದಾರಿಗೆಂದು ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಕಟ್ಟಲು ಕೈಗೆ ಸಿಕ್ಕ ಹಳೆಯ ಪುಸ್ತಕದ ಮೊದಲ ಹಾಳೆ ಹರಿದೆ. ಅದು ನಿನ್ನ ಪುಸ್ತಕ.

ಮಗಳು ಮರಳುವ ಚೀಟಿಯನ್ನು ವರ್ಷ ವರ್ಷ ಮುಂದಕ್ಕೆ ಹಾಕಿದಳು. ಕೊನೆಗೆ ಅವಳೇ ತೀರಿಕೊಂಡಳು. ಸುದ್ದಿ ಹೇಳಿದ್ದು ಅವಳ ಮಗಳು ಹನ್ನಾ, ಪರದೆಯ ಮೇಲೆ. ಆ ಕೂಸಿಗೆ ಕನ್ನಡ ಬಾರದು. ನಾನು ಎದೆ ಬಡಿದುಕೊಂಡು, "ನನ್ನ ಹೊಟ್ಟಿಗೆ ಬೆಂಕಿ ಬಿತ್ತಲ್ಲೇ, ನನ್ನ ನಾಲಿಗಿ ಸೇದಿ ಹೋಗಲಿ" ಎಂದು ಕೂಗಿದೆ. ಅವಳ ಕಿವಿಯಲ್ಲಿ ಗಿಣಿ ಏನು ಹೇಳಿತೋ, ಅವಳು ತಲೆಬಾಗಿಸಿ ಏನೋ ಅಂದಳು. ನನ್ನ ಗಿಣಿ ಅದನ್ನು ಹೀಗೆ ಉಸುರಿತು: "ತಮ್ಮ ಸಂತಾಪಕ್ಕೆ ಧನ್ಯವಾದಗಳು." ಅದನ್ನು ಕಿತ್ತು ಒರಳಿಗೆ ಹಾಕಿ ಕುಟ್ಟಿದೆ. ಅಸ್ಥಿ ಹೊಳೆಗೆ ಬಿಡಲು ಹನ್ನಾ ತನ್ನ ಒಂದೇ ಚೀಟಿಯಲ್ಲಿ ಬರುತ್ತಾಳೆಂದು ಗೊತ್ತಾಯಿತು. ಎಂಟು ತಿಂಗಳಿತ್ತು. ಅವಳ ಹತ್ತಿರ ನನ್ನ ಬಾಯಿಂದಲೇ ಮಾತಾಡಬೇಕು, ಅವಳ ಅವ್ವನಿಗೆ ಕೊಡದೆ ಇಟ್ಟುಕೊಂಡದ್ದನ್ನು ಅವಳಿಗಾದರೂ ಕೊಡಬೇಕು ಎಂದು ಪೆಟ್ಟಿಗೆಯಿಂದ ನಿನ್ನ ಪುಸ್ತಕ ತೆಗೆದೆ.

ಎಂಥ ಭಾಷೆ ತಾಯಿ ಅದು! ಜೀವವಿಲ್ಲದ ಸಾಮಾನಿಗೆಲ್ಲ ಜಾತಕ ಬರೆದಿದ್ದಾರೆ. ಬಾಗಿಲು ಹೆಣ್ಣು, ಬೀಗದ ಕೈ ಗಂಡು, ಹಾಸಿಗೆ ಎರಡೂ ಅಲ್ಲ. ಗಂಡಿಗೆ ನೀಲಿ ಶಾಯಿ, ಹೆಣ್ಣಿಗೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಸಿರು ಎಂದು ನೀನು ಬಣ್ಣ ಹಚ್ಚಿರದಿದ್ದರೆ ನಾನು ಡೆರ್, ಡೀ, ಡಾಸ್ ಎನ್ನುತ್ತ ಅಡ್ಡದಾರಿ ಹಿಡಿಯುತ್ತಿದ್ದೆ. ನೋವು ಗಂಡಂತೆ. ಅದೊಂದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಸಮಾಧಾನ, 'ರೊಟ್ಟಿ ತಿನ್ನಬೇಕು' ಅನ್ನುವಾಗ ಅವರೂ ತಿನ್ನುವುದನ್ನು ನಮ್ಮಂತೆ ಕೊನೆಗಿಡುತ್ತಾರೆ. ರೊಟ್ಟಿ ಬಡಿಯುತ್ತ ಒಂದು ತಟ್ಟಿಗೆ ಒಂದು ಶಬ್ದ ಹೇಳುತ್ತಿದ್ದೆ: ಬ್ರೋಟ್, ವಾಸ್ಸರ್, ಹಾಂಡ್; ರೊಟ್ಟಿ, ನೀರು, ಕೈ. ಪಕ್ಕದ ಮನೆಯ ದ್ಯಾಮವ್ವ ಇಣುಕಿ, "ಯಾಕಬೇ ಯಕ್ಕಾ, ಗಂಟಲಾಗ ಜ್ವಾಳದ ರವದಿ ಸಿಕ್ಕೈತೇನ?" ಅಂದಳು. "ಹೌದು, ನಿನ್ನ ಮಾರಿ ನೋಡಿದ್ ಕೂಡ್ಲೇ ಸಿಕ್ತು" ಅಂದೆ.

ನಿನ್ನ ಎರಡನೆಯ ಹಾಳೆಯ ತಲೆಯ ಮೇಲೆ ಹೀಗಿದೆ: 'ಪಾಠ ಒಂದು, ಬಂದಾಗ ಮತ್ತು ಹೋಗುವಾಗ ಹೇಳುವ ಮಾತು, ಮುಗಿಯಿತು. ಪಾಠ ಎರಡು, ನೀರು ಮತ್ತು ಊಟ.' ಆಗ ತಿಳಿಯಿತು, ನಾನು ಹರಿದ ಹಾಳೆಯಲ್ಲಿ ಏನಿತ್ತೆಂದು. ಊರೆಲ್ಲ ಕೇಳಿದೆ. ಗಿಣಿಯಿಲ್ಲದೆ ಆ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ದ್ಯಾಮವ್ವನ ಗಿಣಿಯನ್ನು ಕೇಳಬಹುದಿತ್ತು. ಆ ಸಕ್ಕರೆಬಾಯಿಯ ಎಂಜಲು ಬೇಡವೆಂದೆ. ನನ್ನ ಹಟ ನಿನಗೆ ಗೊತ್ತಿಲ್ಲ.

ಹನ್ನಾ ಬಂದಳು. ಗಿರಿಜಾನ ಹಣೆ, ಗಿರಿಜಾನ ನಡಿಗೆ. ಬಂದವಳಿಗೆ ಹೇಳುವ ಮಾತು ನನ್ನಲ್ಲಿರಲಿಲ್ಲ, ತಂಬಿಗೆ ಮುಂದೆ ಹಿಡಿದು "ವಾಸ್ಸರ್?" ಅಂದೆ. ನಮ್ಮಲ್ಲಿ ಬಂದವರಿಗೆ ಮೊದಲು ಕೊಡುವುದು ಅದೇ ತಾನೇ. ಅವಳು ನನ್ನ ಬಾಯಿಯನ್ನೇ ನೋಡಿದಳು. ತನ್ನ ಕಿವಿಯಿಂದ ಗಿಣಿ ತೆಗೆದು ಜೇಬಿಗೆ ಹಾಕಿದಳು.

ಅಸ್ಥಿ ಬಿಟ್ಟು ಬಂದ ದಿನವೂ ಅವಳು ಅಳಲಿಲ್ಲ. ನಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅರ್ಧ ನೇಯ್ದ ಕುಪ್ಪಸದ ಖಣದ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಏನು ಹೇಳಲಿ? ನೀನು ರೋಗಿಗಳಿಗೆಂದು ಕಲಿತ ಮಾತುಗಳಷ್ಟೇ ನನ್ನ ಆಸ್ತಿ. ಹತ್ತಿರ ಕೂತು ಕೇಳಿದೆ: "ವೋ ಟೂಟ್ ಎಸ್ ವೇ?" ಎಲ್ಲಿ ನೋಯುತ್ತದೆ? ಅವಳು ಮೊದಲು ನಕ್ಕಳು. ಆಮೇಲೆ ನನ್ನ ಕೈ ಹಿಡಿದು ತನ್ನ ಹಣೆಯ ಮೇಲಿಟ್ಟು "ಹಿಯರ್" ಅಂದಳು. ಇಲ್ಲಿ. ಗಂಟಲ ಮೇಲಿಟ್ಟಳು, "ಹಿಯರ್." ಎದೆ, ಹೊಟ್ಟೆ, "ಹಿಯರ್, ಹಿಯರ್." ಆಮೇಲೆ ಕುಣಿಯ ಅಂಚಿನಲ್ಲಿ ಇಬ್ಬರೂ ಅತ್ತೆವು. ಯಾರ ಅಳುವಿಗೂ ಯಾರೂ ಧನ್ಯವಾದ ಹೇಳಲಿಲ್ಲ.

ಒಂಬತ್ತನೆಯ ದಿನ ಅವಳು ಹೊರಟಳು. ಅದೇ ಹೊಸ್ತಿಲು. ಅವಳ ಚೀಟಿ ಮುಗಿಯಿತು, ನನ್ನ ವಯಸ್ಸೂ ಮುಗಿಯಿತು, ಇಬ್ಬರಿಗೂ ಗೊತ್ತಿತ್ತು. "ಹೋಗಿ ಬಾ ಹನ್ನವ್ವ" ಅಂದೆ, ಅವಳಿಗೆ ಅರ್ಥವಾಗಲಿಲ್ಲ. ಅವಳದೇ ಮಾತಿನಲ್ಲಿ ಹೇಳಬೇಕಿತ್ತು. ಹತ್ತೊಂಬತ್ತು ಪಾಠಗಳನ್ನೂ ತಲೆಯಲ್ಲಿ ತಿರುವಿದೆ. ರೋಗಿಯ ಮಂಚದಿಂದ ಏಳುವಾಗ ನರ್ಸು ಹೇಳುವ ಮಾತೊಂದು ಸಿಕ್ಕಿತು, ಅದನ್ನೇ ಹೇಳಿದೆ: "ಇಶ್ ಕೊಮ್ಮೆ ಗ್ಲೈಶ್ ವೀಡರ್." ಈಗಲೇ ಮರಳಿ ಬರುತ್ತೇನೆ. ಹೊರಟವಳು ಅವಳು, ಬರುತ್ತೇನೆ ಅಂದವಳು ಎಲ್ಲಿಗೂ ಹೋಗದ ನಾನು. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಯಾ, ಅಜ್ಜಿ" ಅಂದಳು. ಹೂಂ ಅಜ್ಜಿ. ಚಪ್ಪರದ ನೆರಳಿನಲ್ಲಿ ಅವಳ ಬೆನ್ನು ತಿರುವಿನವರೆಗೂ ಕಂಡಿತು.

ಅದಕ್ಕೇ ಒಂದು ಬೇಡಿಕೆ. ಈ ಕಾಗದ ಹೇಗಾದರೂ ನಿನಗೆ ಮುಟ್ಟಿದರೆ, ಹೋಗುವಾಗ ಹೇಳುವ ಮಾತನ್ನು ಮೊದಲ ಹಾಳೆಯಲ್ಲಿ ಮಾತ್ರ ಬರೆಯಬೇಡ. ಮೊದಲ ಹಾಳೆ ಇಲಿಯ ಪಾಲು, ಒಲೆಯ ಪಾಲು, ಸಿಟ್ಟಿನ ಕೈಯ ಪಾಲು. ನಡುವೆ ಬರೆ, 'ಎಲ್ಲಿ ನೋಯುತ್ತದೆ' ಎಂಬುದರ ಕೆಳಗೆ, ಮೂರೂ ಬಣ್ಣದಲ್ಲಿ ಬರೆ. ಆ ಹಾಳೆ ಗಿರಿಜಾನ ಚಟ್ನಿಯ ಜೊತೆ ಹೋಯಿತು. ಅವಳು ಅದನ್ನು ಬಿಚ್ಚುವಾಗ ಎಣ್ಣೆಜಿಡ್ಡಿನಲ್ಲಿ ನಿನ್ನ ಅಕ್ಷರ ಕಂಡಿರಬಹುದು, ತನ್ನ ಅವ್ವ ಬಾಯಲ್ಲಿ ಹೇಳದ್ದನ್ನು ಕಟ್ಟಿ ಕಳಿಸಿದ್ದಾಳೆ ಅಂದುಕೊಂಡಿರಬಹುದು. ಹಾಗೆ ಅಂದುಕೊಂಡಿದ್ದರೆ ಅದು ಸುಳ್ಳು. ನಾನು ಆ ಹಾಳೆಯನ್ನು ಓದಿಯೂ ಇರಲಿಲ್ಲ.

ಸುಳ್ಳಾದರೂ ಅವಳು ನಂಬಿರಲಿ.

ನೀಲವ್ವ