ಬಸವರಾಜಪ್ಪನವರ ದನಿ

೧೪ ಮಾರ್ಚ್ ೧೯೮೪, ಬುಧವಾರ. ತುರುವೇಕೆರೆ.

ಆ ಎಂಜಿನಿಯರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಫೋನಿನಲ್ಲಿ ಮಾತಾಡುವವರು ಯಾರೆಂದು ದನಿಯಿಂದಲೇ ಹೇಳುವ ಯಂತ್ರವಂತೆ. ಅದನ್ನು ಪರೀಕ್ಷಿಸಲೆಂದು ಮೂರು ದಿನದಿಂದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ನಾನು ಕರೆ ಜೋಡಿಸುವ ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ಕೂತಿದ್ದಾನೆ. ಊರಿನಲ್ಲಿ ಫೋನಿರುವ ಅಷ್ಟೂ ಜನರನ್ನು ನಾನು ಒಂದು ‘ಹಲೋ’ದಲ್ಲಿ ಗುರುತಿಸುತ್ತೇನೆ. ನನ್ನನ್ನು ಯಾರು ಕೇಳಬೇಕು?

ಇವತ್ತು ಕೊಬ್ಬರಿ ಮಂಡಿಯ ಬಸವರಾಜಪ್ಪನವರು ಫೋನ್ ಮಾಡಿದರೆ, ಇದು ಅವರಲ್ಲ ಎಂದಿತು ಯಂತ್ರ. ಅವರು ಕೆರಳಿ ಇಲ್ಲಿಗೇ ಬಂದರು. ಎಂಜಿನಿಯರ್ ನಿನ್ನೆ ತುಂಬಿಸಿಕೊಂಡಿದ್ದ ಅವರದೇ ದನಿಯ ಟೇಪು ಹಾಕಿದ. ತಮ್ಮ ದನಿಯನ್ನು ಅವರು ಹಾಗೆ ಕೇಳಿದ್ದು ಅದೇ ಮೊದಲು.

“ಇದು ನಮ್ಮಣ್ಣನ ದನಿ ಕಣಮ್ಮ,” ಎಂದರು ನನ್ನ ಕಡೆ ತಿರುಗಿ. ಅಣ್ಣ ತೀರಿಕೊಂಡು ಎರಡು ವರ್ಷ. “ಇನ್ನೊಂದ್ಸಲ ಹಾಕ್ಸವ್ವ.”

ಅಷ್ಟರಲ್ಲಿ ಆ ಪುಣ್ಯಾತ್ಮ, ತಾಳೆಯಾಗದ ದನಿ ಬೇಡವೆಂದು ಟೇಪು ಅಳಿಸಿಬಿಟ್ಟಿದ್ದ. “ಅದಕ್ಕೇನಂತೆ, ಮತ್ತೆ ಮಾತಾಡಿ,” ಎಂದು ರಿಸೀವರ್ ಚಾಚಿದ.

ಬಸವರಾಜಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಆಮೇಲೆ ಕಿವಿಗೆ ಒತ್ತಿಕೊಂಡು ಕಾದರು. ಎಂಜಿನಿಯರ್ ಗಡಿಯಾರ ನೋಡಿಕೊಂಡು, ‘ದನಿ ಇಲ್ಲ’ ಎಂದು ಪುಸ್ತಕದಲ್ಲಿ ಬರೆದುಕೊಂಡ.