ಬಾವಿಯೊಳಗಿನವರು

ಲಾ ರೂಸಿಯೆರ್, ಬ್ರೆಸ್ಸುಯಿರ್ ಸೀಮೆ
೧೮೮೯ನೇ ಇಸವಿ ಜೂನ್ ೧೧, ಮಂಗಳವಾರ

ಪ್ರೀತಿಯ ತಮ್ಮಾ ಸೆವೆರಿನ್,

ನೀನು, ಒಡಿಲ್, ಮಗು ಎಲ್ಲರೂ ಆರೋಗ್ಯವಾಗಿದ್ದೀರಾ? ನಿಯೋರ್‌ನಲ್ಲಿ ನದಿಯ ಪಕ್ಕದ ಬೀದಿಯಲ್ಲಿ ಮನೆ ಮಾಡಿದ್ದೀಯೆಂದು ಕೇಳಿದಾಗಿನಿಂದ ನಿನ್ನ ಎದೆಯದೇ ಯೋಚನೆ. ಚಿಕ್ಕಂದಿನಿಂದ ನಿನಗೆ ತೇವ ಆಗಿಬರುವುದಿಲ್ಲ, ಅದರ ಮೇಲೆ ದಿನವಿಡೀ ಸೀಮೆಸುಣ್ಣದ ಧೂಳು. ಮಲಗುವಾಗ ಎದೆಗೆ ಉಣ್ಣೆಯ ಬಟ್ಟೆ ಸುತ್ತಿಕೊ, ಶಾಲೆಯ ಮೇಷ್ಟ್ರಾದೆನೆಂದು ನಾಚಿಕೊಳ್ಳಬೇಡ. ಮಗುವಿಗೆ ಹಲ್ಲು ಬಂತೇ? ಅದರ ಮುಖ ಯಾರ ಹಾಗಿದೆಯೋ ಎಂದು ಒಬ್ಬಳೇ ಕೂತಾಗ ಊಹಿಸುತ್ತಿರುತ್ತೇನೆ. ನನ್ನ ವಿಷಯ ಹೇಳುವುದಾದರೆ, ಓಬ್ಯಾಂ ತೀರಿಹೋದ ಮೇಲೆ ಮೊದಲ ಚಳಿಗಾಲ ಹೇಗೋ ಕಳೆಯಿತು. ಈಗಲೂ ಎಲೆಕೋಸಿನ ಸೂಪಿಗೆ ಅವನ ಪಾಲೂ ಸೇರಿಸಿ ನೀರಿಟ್ಟುಬಿಡುತ್ತೇನೆ. ಗಂಡ ಸತ್ತ ಹೆಂಗಸಿಗೆ ಕೈ ಮರೆಯುವುದಕ್ಕೆ ತಲೆಗಿಂತ ಹೆಚ್ಚು ಕಾಲ ಬೇಕೆಂದು ತೋರುತ್ತದೆ.

ಇವತ್ತು ಪೆಂತೆಕೊಸ್ತಿನ ಮಂಗಳವಾರ. ಸೀಮೆಯವರೆಲ್ಲ ಹುಲ್ಲು ಕೊಯ್ಯುತ್ತಿದ್ದಾರೆ, ನಾವು ಮಾತ್ರ ಕುಡುಗೋಲು ಮುಟ್ಟಿಲ್ಲ. ಈ ಹಬ್ಬವನ್ನು ಪೋಪ್ ತೆಗೆದುಹಾಕಿದ್ದು ನೀನೂ ನಾನೂ ಹುಟ್ಟುವುದಕ್ಕಿಂತ ಹಿಂದಿನ ಮಾತು. ಪೋಪ್ ಸರ್ಕಾರದ ಜೊತೆ ರಾಜಿಯಾದಾಗ ಚರ್ಚು ಬಿಟ್ಟು ಬಂದ ನಮ್ಮವರು ಅದನ್ನು ಇನ್ನೂ ಒಪ್ಪಿಲ್ಲ. ಮೋಡ ಕವಿದಿದೆ, ಬೇಲಿಯಾಚೆ ನಮ್ಮ ಹುಲ್ಲು ನೆನೆದು ಕೊಳೆಯಬಹುದು. ಹಬ್ಬವಾದ್ದರಿಂದಲೇ ನನಗೆ ಕೂತು ಬರೆಯಲು ಬಿಡುವು ಸಿಕ್ಕಿದೆ. ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಬ್ರೆಸ್ಸುಯಿರ್‌ನಿಂದ ಬಂದ ವೈದ್ಯರು ಎದೆಗೆ ಕಿವಿಯಿಟ್ಟು ಕೇಳಿ, ಹೊರಗೆ ಬಂದು, ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿ ಹೋದರು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಗಿಟ್ಟರೆ ಬರೆಯಲಾರೆ. ಆದರೆ ಅಪ್ಪ ಹೋಗುತ್ತಾರೆಂಬುದಕ್ಕಿಂತ ಹೇಗೆ ಹೋಗುತ್ತಾರೆಂಬುದೇ ನನಗೆ ದೊಡ್ಡ ಭಯವಾಗಿದೆ. ನಮ್ಮವರಿಗೆ ಪಾದ್ರಿಗಳಿಲ್ಲ. ಸತ್ತವರಿಗೆ ಪ್ರಾರ್ಥನೆ ಓದುವವರೂ ನಾವೇ, ಹೊರುವವರೂ ನಾವೇ, ದಾರಿಯ ಕೂಡುರಸ್ತೆಗಳಲ್ಲಿ ಪುಟ್ಟ ಮರದ ಶಿಲುಬೆ ಇಡುವವರೂ ನಾವೇ. ಮೂವತ್ತು ವರ್ಷ ನಮ್ಮವರ ಎಲ್ಲ ಹೆಣಗಳಿಗೂ ಓದಿದವರು ಅಪ್ಪ. ಈಗ ಅವರಿಗಾಗಿ ನಮ್ಮ ಮನೆಯ ಹೊಸಿಲು ತುಳಿಯಲು ಯಾರೂ ಸಿದ್ಧರಿಲ್ಲ.

ಹೀಗಾದದ್ದು ಬಾವಿಯಿಂದ. ನೀನು ನಗಬೇಡ. ಹನ್ನೆರಡು ವರ್ಷದವನಿದ್ದಾಗ ನೀನು ಊಟದ ಮೇಜಿನಲ್ಲಿ, ಬಾವಿಯಲ್ಲಿ ಯಾರಿದ್ದಾರೆಂದು ಯಾರಾದರೂ ಇಳಿದು ನೋಡಿದ್ದಾರಾ ಎಂದು ಕೇಳಿ ಕೆನ್ನೆಗೆ ಏಟು ತಿಂದದ್ದು ನನಗೆ ನೆನಪಿದೆ. ಅದನ್ನು ಈಗ ನೀನು ನೆನೆಸಿಕೊಂಡು ನಕ್ಕರೆ ನನಗೆ ತಡೆಯಲಾಗುವುದಿಲ್ಲ.

ಕಳೆದ ವರ್ಷ ಕಟ್ಟಿದ ಸರ್ಕಾರಿ ಶಾಲೆಗೆ ನೀರಿರಲಿಲ್ಲ. ಕ್ರಾಂತಿಗೆ ನೂರು ವರ್ಷ ತುಂಬುವ ವರ್ಷವೆಂದು ಮೇಯರಿಗೆ ಏನಾದರೂ ಮಾಡಲೇಬೇಕಿತ್ತು. ಹಳೆಯ ಬಾವಿಯ ಬಾಯಿ ಮುಚ್ಚಿದ್ದ ಕಲ್ಲು ತೆಗೆಸಿ, ಹೂಳೆತ್ತಿಸಿ, ಅಲ್ಲೊಂದು ಸ್ವಾತಂತ್ರ್ಯದ ಮರ ನೆಡಿಸುತ್ತೇನೆಂದು ಸಾರಿದರು. ನಮ್ಮವರು ಕೆರಳಿದರು. ಕ್ರಾಂತಿಯ ಕಾಲದಲ್ಲಿ ಗಣರಾಜ್ಯದ ನೀಲಿ ಅಂಗಿಯ ಸೈನಿಕರು ಊರಿಗೆ ಬೆಂಕಿ ಹಚ್ಚಿ, ನಮ್ಮ ಹೆಂಗಸರನ್ನೂ ಮಕ್ಕಳನ್ನೂ ಕೊಂದು ಆ ಬಾವಿಗೆ ತುಂಬಿದರೆಂದು ತೊಟ್ಟಿಲಿನಿಂದಲೇ ಕೇಳಿದವರು ನಾವು. ನೀನು ನಿನ್ನ ಶಾಲೆಯಲ್ಲಿ ಹೇಳಿಕೊಡುವುದು ಬೇರೆಯಿರಬಹುದು: ಪಾದ್ರಿಗಳ ಮಾತು ಕೇಳಿ ರಾಜನಿಗಾಗಿ ದಂಗೆಯೆದ್ದ ರೈತರು, ಅವರನ್ನು ಅಡಗಿಸಿದ ಗಣರಾಜ್ಯ. ಎರಡೂ ಕಥೆಗಳಲ್ಲಿ ಬಾವಿ ಮಾತ್ರ ಒಂದೇ. ಪ್ರತಿ ಮೇಣದಬತ್ತಿ ಹಬ್ಬದಂದು ಹಿಮದಲ್ಲಿ ಆ ಕಲ್ಲಿನ ಸುತ್ತ ಮೊಣಕಾಲೂರಿ, ಹಲ್ಲು ಕಟಕಟ ಎನ್ನುತ್ತ, ಒಳಗಿರುವವರಿಗೆ ಶಾಂತಿ ಕೊಡೆಂದು ಬೇಡಿದ್ದೇವೆ. ನೀನೂ ಬೇಡಿದ್ದೀಯೆ, ನನ್ನ ಶಾಲಿನೊಳಗೆ ಕೈ ತೂರಿಸಿಕೊಂಡು.

ಆಶ್ಚರ್ಯವೆಂದರೆ ಅಪ್ಪ ಅಡ್ಡಿ ಮಾಡಲಿಲ್ಲ. "ತೆಗೀಲಿ ಬಿಡ್ರೋ. ಮಣ್ಣು ಕಾಣದೆ ಬಿದ್ದಿದಾವೆ ಪಾಪ. ಮೇಲೆ ಬಂದ್ರೆ ಹೊತ್ಕೊಂಡು ಹೋಗಿ ನೆಟ್ಟಗೆ ಮಣ್ಣು ಮಾಡೋಣ," ಎಂದರು. ಸಂಜೆಗಳಲ್ಲಿ ಒಲೆಯ ಪಕ್ಕ ಕೂತು ಚೆಸ್ಟ್‌ನಟ್ ಕಟ್ಟಿಗೆಯಲ್ಲಿ ಶಿಲುಬೆಗಳನ್ನು ಕೆತ್ತತೊಡಗಿದರು. ವಯಸ್ಸಾದ ಕೈ, ಒಂದೊಂದೂ ಒಂದೊಂದು ಕಡೆಗೆ ವಾಲುತ್ತಿತ್ತು. "ಹೋಗ್ಲಿ ಬಿಡು, ಸತ್ತೋರು ಮೂಲೆಮಟ್ಟ ಹಿಡಿದು ನೋಡ್ತಾರಾ," ಎಂದು ತಾವೇ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಬಾವಿ ತೋಡಲು ಪಾರ್ತೆನೆ ಕಡೆಯ ಗಾಸ್ಪಾರ್ ಎಂಬ ಆಳು ಬಂದ. ಎರಡನೆಯ ದಿನ ಬುಟ್ಟಿಯಲ್ಲಿ ಮೊದಲ ಬುರುಡೆ ಬಂದಾಗ ನಮ್ಮವರೆಲ್ಲ ಮೊಣಕಾಲೂರಿದರು, ಹೆಂಗಸರು ಅತ್ತರು, ನಾನೂ ಅತ್ತೆ. ಮುಂದಿನ ಬುಟ್ಟಿಯಲ್ಲಿ ಎಲುಬುಗಳ ಜೊತೆ ಸೈನಿಕರ ಚರ್ಮದ ಪಟ್ಟಿಯ ತುಂಡುಗಳು ಬಂದವು. ಆಮೇಲೆ ಹಿತ್ತಾಳೆ ಬಟನ್‌ಗಳು. ಅಪ್ಪ ಒಂದನ್ನು ತೊಡೆಗೆ ಉಜ್ಜಿ ನನ್ನ ಕೈಗೆ ಕೊಟ್ಟು, "ಏನು ಬರ್ದಿದೆ ಓದು ಮಗಳೇ," ಎಂದರು. ಫ್ರೆಂಚ್ ಗಣರಾಜ್ಯ ಎಂದಿತ್ತು. ನಾನು ಓದಿದೆ. ಎಲ್ಲರಿಗೂ ಕೇಳಿಸಿತು. ಮುಂದೆ ಬಂದ ಬುಟ್ಟಿಗಳಲ್ಲಿಯೂ ಅದೇ. ಹೆಂಗಸಿನ ಬಾಚಣಿಗೆಯಾಗಲಿ, ಮಗುವಿನ ಮರದ ಪಾದರಕ್ಷೆಯಾಗಲಿ ಒಂದೂ ಬರಲಿಲ್ಲ. ಅತ್ತ ಹೆಂಗಸರು ಕಣ್ಣೊರೆಸಿಕೊಂಡು ಒಬ್ಬೊಬ್ಬರಾಗಿ ಎದ್ದು, ಮೊಣಕಾಲಿನ ಮಣ್ಣನ್ನು ಬಡಿದುಕೊಂಡರು, ಏನೋ ಹೊಲಸು ತಾಗಿದ ಹಾಗೆ. ಕಮ್ಮಾರ ಮಾತ್ರ ಗೋಡೆಗೊರಗಿ, "ಹಂಗಾರೆ ಇಷ್ಟು ವರ್ಷ ಮಾಡಿದ ಪ್ರಾರ್ಥನೆ ಎಲ್ಲ ವಾಪಸ್ ಕೇಳೋಣ್ವಾ?" ಎಂದ.

ಅಂದಿನಿಂದ ಊರು ಎರಡಾಯಿತು, ಅಪ್ಪ ಎರಡಕ್ಕೂ ಬೇಡವಾದರು. ನಮ್ಮ ಮನೆಯವನೇ ಎಂಬ ಹಾಗಿದ್ದ ಚಿಕ್ಕಪ್ಪನ ಮಗ ತಿಬೋ ಮರುದಿನವೇ ಬಂದ. "ದೊಡ್ಡಪ್ಪಾ, ಆ ಬಟನ್ನುಗಳನ್ನ ಮೇಯರೇ ಎಸೆಸಿರ್ತಾನೆ. ನಾಚಿಕೆ ಇಲ್ದೋನು. ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ನೀವೊಂದು ಮಾತು ಹೇಳಿ, ಎಲುಬು ನಮ್ಮವರದೇ ಅಂತ. ನೀವು ಹೇಳಿದ್ರೆ ಮುಗೀತು," ಎಂದ. ಅಪ್ಪ, "ಬಟನ್ನು ಎಲುಬಿಗೆ ಅಂಟಿ ಹಸಿರುಗಟ್ಟಿದೆ ಕಣೋ. ಮೇಯರು ಹುಟ್ಟೋಕೆ ಮುಂಚೇನೇ ಬಂದು ಎಸೆದ್ನಾ?" ಎಂದರು. ನಾನು ಕೊಟ್ಟ ಸಿಡರ್ ಮದ್ಯದ ಲೋಟವನ್ನು ಮುಟ್ಟದೆ ತಿಬೋ ಎದ್ದು ಹೋದ. ಆಮೇಲೆ ಮೇಯರ್ ಬಂದರು. ಹೊಸ ಬೂಟು, ಕೈಯಲ್ಲಿ ಟೋಪಿ. "ಹಿರಿಯರೇ, ನೀವು ಪ್ರಾಮಾಣಿಕರು ಅಂತ ಊರಿಗೇ ಗೊತ್ತು. ಜುಲೈ ಹದಿನಾಲ್ಕರ ಗಣರಾಜ್ಯದ ಹಬ್ಬಕ್ಕೆ ಬಾವುಟ, ವಾದ್ಯ ಎಲ್ಲ ಇಟ್ಕೊಂಡು ಸಮಾಧಿ ಮಾಡ್ತೀವಿ. ನೀವು ವೇದಿಕೆ ಮೇಲೆ ನಿಂತು, ನಮ್ಮವರು ಗಾಯಾಳು ಸೈನಿಕರನ್ನ ಕೊಂದು ಬಾವಿಗೆ ಹಾಕಿದ್ರು ಅಂತ ಒಂದು ಮಾತು ಹೇಳಿ, ಸಾಕು," ಎಂದರು. ಅಪ್ಪ, "ನಾನೂ ಅಲ್ಲಿರ್ಲಿಲ್ಲ, ನೀವೂ ಇರ್ಲಿಲ್ಲ. ನಮ್ಮನೆ ಹಳೇ ಸೂರು ಸುಟ್ಟಿದ್ದು ಯಾರು ಅಂತಾನೂ ಅದೇ ವೇದಿಕೆ ಮೇಲೆ ನೀವು ಹೇಳ್ತೀರಾ?" ಎಂದು ಕೇಳಿದರು. ಮೇಯರ್ ಟೋಪಿ ಹಾಕಿಕೊಂಡು ಹೊರಟರು.

ಆ ರಾತ್ರಿ ಊಟವಾದ ಮೇಲೆ ಅಪ್ಪ ನನಗೊಂದು ಮಾತು ಹೇಳಿದರು, ನಿನಗೂ ಗೊತ್ತಿರಬೇಕು. ಬಾವಿಯ ಬಳಿ ಮೊದಲು ಮೊಣಕಾಲೂರಿದವಳು ಅಪ್ಪನ ಅಜ್ಜಿ ಪೆರಿನ್. ಯುದ್ಧದ ಕಾಲದಲ್ಲಿ ಅವಳು ಹರೆಯದವಳು, ಇದೇ ಊರಿನಲ್ಲಿದ್ದಳು, ಅವಳ ಗಂಡ ದಂಗೆಯಲ್ಲಿದ್ದ. ಅಪ್ಪ ಪುಟ್ಟವರಿದ್ದಾಗ ಅವಳ ಕೈ ಹಿಡಿದು ಹೋಗುತ್ತಿದ್ದರಂತೆ. "ಅಜ್ಜಿ ಯಾವತ್ತೂ ನಮ್ಮವರು ಅಂತ ಅನ್ಲಿಲ್ಲ ಜೆಲಿ. ಒಳಗಿರೋರು, ಒಳಗಿರೋರು ಅಂತಿದ್ಲು ಅಷ್ಟೆ. ನಮ್ಮವರು ಅಂತ ಸೇರಿಸಿದ್ದು ಆಮೇಲಿನವರು. ನಾನೂ ಸೇರಿಸಿದೆ. ತಾತ ಮಾತ್ರ ಒಂದು ಸಲಾನೂ ಬಾವಿ ಹತ್ರ ಬರ್ಲಿಲ್ಲ. ಮಂಡಿ ನೋವು ಅಂತಿದ್ದ," ಎಂದರು. ಒಲೆಗೆ ಇನ್ನೊಂದು ಕೊರಡು ನೂಕಿ, "ಇಷ್ಟು ವರ್ಷ ಅವರಿಗೆ ಅಂತ ಬೇಡಿಕೊಂಡಿದೀವಿ. ಈಗ ಅವರು ನಮ್ಮವರಲ್ಲ ಅಂದ್ರೆ ಇನ್ಯಾರವರು?" ಎಂದರು. ನೀನು ಓದಿದವನು, ಉತ್ತರ ನಿನಗೆ ತೋಚಬಹುದು.

ಎಲುಬುಗಳನ್ನು ಮೇಯರ್ ಕಚೇರಿಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಗೋಣಿ ಹೊದಿಸಿ ಇಟ್ಟಿದ್ದಾರೆ. ಅಪ್ಪ ದಿನಾ ಅಲ್ಲಿಗೆ ಹೋಗಿ ಪ್ರಾರ್ಥನೆ ಓದತೊಡಗಿದರು. ಒಬ್ಬರೇ. ಭಾನುವಾರ ನಮ್ಮ ಕೊಟ್ಟಿಗೆಯ ಮೇಲಿನ ಪ್ರಾರ್ಥನೆ ಕೋಣೆಯಲ್ಲಿ ಅವರು ಓದಲು ನಿಂತಾಗ ಜನ ಬೆಂಚುಗಳಿಂದ ಎದ್ದು ಮೆಟ್ಟಿಲಿಳಿದು ಹೋದರು. ಮರದ ಪಾದರಕ್ಷೆಗಳ ಸದ್ದು ನಿಂತ ಮೇಲೂ ಅಪ್ಪ ಕೊನೆಯ ಸಾಲಿನವರೆಗೂ ಓದಿದರು. ಉತ್ತರ ಹೇಳಲು ನಾನೊಬ್ಬಳೇ ಇದ್ದೆ. ಕೆತ್ತಿದ ಶಿಲುಬೆಗಳನ್ನು ಸೌದೆ ಕೊಟ್ಟಿಗೆಗೆ ಒಯ್ದ ದಿನ ಮೇಯರ್ ತಡೆದು, "ಇದಕ್ಕೆ ವಿರುದ್ಧವಾಗಿಯೇ ಹೋರಾಡಿ ಸತ್ತೋರು ಇವರು, ಹಿರಿಯರೇ. ಇವರಿಗೆ ಶಿಲುಬೆ ಬೇಡ," ಎಂದರಂತೆ. ಅಪ್ಪ, "ಸಾಯೋವಾಗ ಅಮ್ಮಾ ಅಂದಿರ್ತಾವೆ ಆ ಹುಡುಗ್ರು, ಗಣರಾಜ್ಯವೇ ಅಂದಿರಲ್ಲ," ಎಂದು ಬಾಗಿಲ ಹೊರಗೇ ಅವನ್ನು ನೆಟ್ಟರಂತೆ. ಅಂದು ಜಡಿಮಳೆ. ಓದುತ್ತಿದ್ದಂತೆಯೇ ಕುಸಿದರು. ನಮ್ಮವರಲ್ಲಿ ಇಬ್ಬರು ನಿಲ್ಲದೆ ಆ ದಾರಿಯಲ್ಲೇ ಹೋದರೆಂದು ಆಮೇಲೆ ತಿಳಿಯಿತು. ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಬಂದವನು ಪಾದ್ರಿಯ ಚರ್ಚಿಗೆ ಹೋಗುವ ಗಿರಣಿಯ ಒನೆಸಿಮ್, ನಾವು ಮೂರು ತಲೆಮಾರಿನಿಂದ ಮಾತಾಡಿಸದ ಮನೆಯವನು.

ಅಂದಿನಿಂದ ಜ್ವರ ಇಳಿದಿಲ್ಲ. ಬಿಸಿ ಸೂಪು ಎರಡು ಚಮಚ ಇಳಿದರೆ ಹೆಚ್ಚು. ನೆರೆಯ ಹೆಂಗಸರು ನನ್ನನ್ನು ಕಂಡರೆ ಬೇಲಿಯ ಕಡೆ ತಿರುಗಿ ನಿಲ್ಲುತ್ತಾರೆ. ಓಬ್ಯಾಂ ಸತ್ತಾಗ ರಾತ್ರಿಯಿಡೀ ನನ್ನ ಕೈ ಹಿಡಿದು ಕೂತ ಹೆಂಗಸರೇ ಅವರು. ಅದಕ್ಕೇ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ, ಬಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಷ್ಟು ವರ್ಷದ ಕಣ್ಣೀರು ಯಾರ ಪಾಲಾಯಿತೆಂದು ಅವರಿಗೂ ಸಂಕಟವಿರಬೇಕು. ಸುಟ್ಟ ಮನೆಗಳಲ್ಲಿ ಸತ್ತ ನಮ್ಮವರು ಸುಳ್ಳಲ್ಲವಲ್ಲ. ಅವರು ಎಲ್ಲಿ ಬಿದ್ದಿದ್ದಾರೆಂದು ಈಗ ಯಾರಿಗೂ ಗೊತ್ತಿಲ್ಲ.

ಒಡಿಲ್‌ಗೆ ನನ್ನ ಪ್ರೀತಿ ತಿಳಿಸು. ಮಗುವಿನ ಹಣೆಗೆ ಅತ್ತೆಯ ಮುತ್ತು. ದೇವರು ನಿಮ್ಮ ಒಲೆಯನ್ನು ಬೆಚ್ಚಗಿಟ್ಟಿರಲಿ, ನಿನ್ನ ಎದೆಯನ್ನು ಕಾಪಾಡಲಿ.

ನಿನ್ನ ಅಕ್ಕ,
ಜೆಲಿ

ತಾ.ಕ. ಮೇಲಿನದನ್ನು ಮಡಿಸುವಷ್ಟರಲ್ಲಿ ತಿಬೋ ಬಂದಿದ್ದ. ಒಳಗೆ ಬರಲಿಲ್ಲ. ನಮ್ಮವರಲ್ಲಿ ಒಬ್ಬರೂ ಅಪ್ಪನನ್ನು ಹೊರುವುದಿಲ್ಲವೆಂದು ಬಾಗಿಲಲ್ಲೇ ಹೇಳಿದ. ಹೇಳುವಾಗ ಟೋಪಿ ತೆಗೆದು ಎದೆಗೆ ಹಿಡಿದಿದ್ದ, ಆದರೂ ಹೇಳಿದ. ಅಪ್ಪನಿಗೆ ಒಳಗೆ ಎಲ್ಲ ಕೇಳಿಸಿದೆ. ಗಿರಣಿಯ ಒನೆಸಿಮ್ ಹೊರುತ್ತೇನೆಂದಿದ್ದಾನೆ, ಗಾಸ್ಪಾರ್ ಬರುತ್ತಾನೆ, ಕಮ್ಮಾರ ಈಗಷ್ಟೇ ಹಿತ್ತಲಿನಿಂದ ಬಂದು ಯಾರಿಗೂ ಹೇಳಬೇಡವೆಂದು ಒಪ್ಪಿಕೊಂಡು ಹೋದ. ಇನ್ನೊಂದು ಹೆಗಲು ಬೇಕು. ಪ್ರಾರ್ಥನೆ ನಾನು ಓದುತ್ತೇನೆ, ಹೆಂಗಸು ಓದಿದಳೆಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ನಾನು ಕೇಳುವ ಮೊದಲೇ ಅಪ್ಪ ಕಣ್ಣುಬಿಟ್ಟು ಹೇಳಿದರು, ಅವರು ಹೇಳಿದ ಹಾಗೆಯೇ ಬರೆಯುತ್ತೇನೆ: "ಸೆವೆರಿನ್‌ಗೆ ಬರಿ. ಬರೋದಾದ್ರೆ ಕಾಲಿನ ಕಡೆ ಹೊರ್ಲಿ. ತಲೆ ಕಡೆ ಬೇಡ, ಆ ನೀಲಿಯವನಿಗೆ ಅಷ್ಟು ಕೊಬ್ಬು ಬೇಡ." ಗಣರಾಜ್ಯದ ಶಾಲೆಯಲ್ಲಿ ಮೇಷ್ಟ್ರಾಗಲು ನೀನು ಮನೆ ಬಿಟ್ಟ ಮೇಲೆ ಅವರ ಬಾಯಲ್ಲಿ ನಿನ್ನ ಹೆಸರು ಇದೇ ಮೊದಲು. ಉಸಿರಿರುವಾಗಲೇ ಬಂದರೆ ನೀನೂ ಕೇಳಬಹುದು.